ನಾಲ್ಕರ ಹೆಜ್ಜೆಗಳು

ಈ ವರ್ಷ ಮೇ 17ಕ್ಕೆ ಅಧಿಕ ಜ್ಯೇಷ್ಠ ಶುರುವಾಯಿತು. ಬೆಂಗಳೂರಿನ ನಮ್ಮ ಕಟ್ಟಡದ ಕೆಳಮನೆಯ ಹುಡುಗ ಗೃಹಪ್ರವೇಶಕ್ಕೆ ದಿನ ಹುಡುಕುತ್ತಿದ್ದ. ಜೂನ್ ಮಧ್ಯದವರೆಗೆ ಮುಹೂರ್ತವೇ ಇಲ್ಲವೆಂದು ಫೋನಿನ ಪರದೆಯನ್ನು ನನ್ನ ಮುಂದೆ ಹಿಡಿದ. "ಅಂಕಲ್, ಒಂದೇ ತಿಂಗಳು ಎರಡು ಸಲ ಹೇಗೆ ಬರುತ್ತೆ? ಇದನ್ನೆಲ್ಲ ತೀರ್ಮಾನ ಮಾಡೋರು ಯಾರು?" ಎಂದು ಕೇಳಿದ. ಮೊದಲ ಪ್ರಶ್ನೆಗೆ ಉತ್ತರ ಹೇಳಿ ಕಳಿಸಿದೆ. ಎರಡನೆಯದು ನನ್ನೊಳಗೇ ಉಳಿಯಿತು. ಅವನು ಮೆಟ್ಟಿಲು ಇಳಿಯುವಷ್ಟರಲ್ಲಿ ನನ್ನ ಬಾಯಿಗೆ ತಾನಾಗಿ ಬಂದದ್ದು ಒಂದು ಸಂಖ್ಯೆ: ನೂರೈವತ್ತೇಳು ಕೋಟಿ ಎಪ್ಪತ್ತೊಂಬತ್ತು ಲಕ್ಷ ಹದಿನೇಳು ಸಾವಿರದ ಎಂಟುನೂರ ಇಪ್ಪತ್ತೆಂಟು.

1,57,79,17,828. ಸೂರ್ಯಸಿದ್ಧಾಂತದ ಪ್ರಕಾರ ಒಂದು ಮಹಾಯುಗದಲ್ಲಿ ಆಗುವ ಹಗಲು ರಾತ್ರಿಗಳ ಲೆಕ್ಕ ಇದು. ಮಹಾಯುಗವೆಂದರೆ 43,20,000 ವರ್ಷ. ನಾನು ಇದನ್ನು ಕಲಿತದ್ದು ಶಾಲೆಯಲ್ಲಲ್ಲ, ಹಳೆಯ ಬಾಗಲಕೋಟೆಯ ಒಂದು ಓಣಿಯಲ್ಲಿ, ಕನ್ನಡ ಶಾಲೆಯಿಂದ ನಿವೃತ್ತರಾಗಿದ್ದ ಒಬ್ಬ ಮಾಸ್ತರರ ಪಡಸಾಲೆಯಲ್ಲಿ. ಅವರು ಒಂದು ಪಂಚಾಂಗಕ್ಕೆ ಗಣಿತ ಮಾಡಿಕೊಡುತ್ತಿದ್ದರು. ಕಣ್ಣು ಮಂದವಾದ ಮೇಲೆ ಗುಣಾಕಾರ, ಭಾಗಾಕಾರಕ್ಕೆ ಒಬ್ಬ ಹುಡುಗ ಬೇಕಾಗಿದ್ದ. ನನ್ನ ಮಗ್ಗಿ ಗಟ್ಟಿ ಇತ್ತು. ಅಪ್ಪ ಕಳಿಸಿದರು.

ಮಾಸ್ತರರು ಮೊದಲು ಕಲಿಸಿದ್ದು ಸಂಖ್ಯೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಹಳೆಯ ರೀತಿ. ಆಕಾಶವೆಂದರೆ ಸೊನ್ನೆ, ಸಮುದ್ರವೆಂದರೆ ನಾಲ್ಕು, ಹಲ್ಲೆಂದರೆ ಮೂವತ್ತೆರಡು, ವಸುಗಳೆಂದರೆ ಎಂಟು, ಬೆಟ್ಟವೆಂದರೆ ಏಳು, ತಿಥಿಯೆಂದರೆ ಹದಿನೈದು. ಏಕಸ್ಥಾನದಿಂದ ಹಿಡಿದು ಎಡಕ್ಕೆ ಬರೆಯುತ್ತ ಹೋಗಬೇಕು. ನಾಲ್ಕು ಆಕಾಶ, ಆಮೇಲೆ ಹಲ್ಲು, ಆಮೇಲೆ ಸಮುದ್ರ ಬರೆದರೆ 43,20,000 ಆಯಿತು. ದಿನಗಳ ಸಂಖ್ಯೆ ವಸುಗಳಿಂದ ಶುರುವಾಗಿ ತಿಥಿಯಲ್ಲಿ ಮುಗಿಯುತ್ತದೆ. ತಾಳೆಗರಿಯಲ್ಲಿ ಒಂದು ಅಂಕಿ ಅಳಿಸಿದರೆ ಅಥವಾ ನಕಲು ಮಾಡುವವನು ತಪ್ಪಿದರೆ ಸಂಖ್ಯೆ ಹಾಳಾಗುತ್ತದೆ. ಶ್ಲೋಕದಲ್ಲಾದರೆ ಛಂದಸ್ಸು ಕೆಟ್ಟು ತಪ್ಪು ತಾನೇ ಹೊರಬೀಳುತ್ತದೆ. ಅವರು ಇದನ್ನು ಹೇಳುವಾಗ ದನಿ ತಗ್ಗುತ್ತಿತ್ತು. "ಇವು ಯಾರೂ ಮಾಡಿದ ಸಂಖ್ಯೆ ಅಲ್ಲ ತಮ್ಮಾ. ಸೂರ್ಯ ಮಯನಿಗೆ ಹೇಳಿದ್ದು" ಎನ್ನುತ್ತಿದ್ದರು. ನಾನು ನಂಬಿದೆ. ಹತ್ತು ಅಂಕಿಯ ಆ ಸಂಖ್ಯೆಯನ್ನು ಸ್ನಾನ ಮಾಡದೆ ಬರೆಯಲು ನನಗೆ ಅಂಜಿಕೆಯಾಗುತ್ತಿತ್ತು.

ಕೆಲಸ ಹೀಗಿರುತ್ತಿತ್ತು. ಯಾವುದೇ ದಿನದ ಗ್ರಹಸ್ಥಿತಿ ಬೇಕಾದರೂ ಮೊದಲು ಕಲಿಯುಗ ಶುರುವಾದಾಗಿನಿಂದ ಆ ದಿನದವರೆಗೆ ಎಷ್ಟು ದಿನ ಕಳೆದವು ಎಂಬ ಲೆಕ್ಕ ಬೇಕು. ಅದಕ್ಕೆ ಅಹರ್ಗಣ ಎನ್ನುತ್ತಾರೆ. ಗಣೇಶ ದೈವಜ್ಞನ ಗ್ರಹಲಾಘವದಲ್ಲಿ ಈ ಶ್ರಮ ಬಹಳ ಕಡಿಮೆ. ಅವನು 1520ರ ಸುಮಾರಿಗೇ ಹನ್ನೊಂದು ವರ್ಷದ, 4,016 ದಿನಗಳ ಚಕ್ರವನ್ನು ಕಟ್ಟಿ ದೊಡ್ಡ ಸಂಖ್ಯೆಗಳ ಕಾಟ ತಪ್ಪಿಸಿದ್ದ. ನಮ್ಮ ಕಡೆಯ ಹೆಚ್ಚಿನವರು ಅದನ್ನೇ ಬಳಸುತ್ತಿದ್ದರು. ಮಾಸ್ತರರು ಮಾತ್ರ ಕಲಿಯ ಆರಂಭದಿಂದಲೇ ಎಣಿಸಿಕೊಂಡು ಬರಬೇಕೆನ್ನುವವರು. ಸಣ್ಣ ದಾರಿಯಲ್ಲಿ ಹೋದವನಿಗೆ ಊರು ಸಿಗುತ್ತದೆ, ದಾರಿ ತಿಳಿಯುವುದಿಲ್ಲ ಎಂಬುದು ಅವರ ಹಟ.

ನನಗೆ ಇಂದಿಗೂ ಹಾಳೆ ಹಾಳೆಯಾಗಿ ನೆನಪಿರುವುದು 1980ರ ಫೆಬ್ರವರಿ 16ರ ಲೆಕ್ಕ. ಅಂದು ಮಾಘ ಅಮಾವಾಸ್ಯೆ, ಖಗ್ರಾಸ ಸೂರ್ಯಗ್ರಹಣ. ಆ ಸಂವತ್ಸರ ಹುಟ್ಟುವ ಹೊತ್ತಿಗೆ ಕಲಿಯ 5,080 ವರ್ಷಗಳು ಕಳೆದಿದ್ದವು. ಹನ್ನೆರಡರಿಂದ ಗುಣಿಸಿ, ಪುಷ್ಯದವರೆಗಿನ ಹತ್ತು ತಿಂಗಳು ಕೂಡಿಸಿದರೆ 60,970 ತಿಂಗಳು. ಅಷ್ಟರಲ್ಲಿ ಎಷ್ಟು ಅಧಿಕಮಾಸ ಬಂದಿವೆ? ಮಹಾಯುಗದ 5,18,40,000 ಸೌರಮಾಸಗಳಲ್ಲಿ 15,93,336 ಅಧಿಕಮಾಸ ಬರುತ್ತವೆ. ಹಾಗಾಗಿ 60,970ನ್ನು 15,93,336ರಿಂದ ಗುಣಿಸಬೇಕು. 97,14,56,95,920. ಅದನ್ನು 5,18,40,000ದಿಂದ ಭಾಗಿಸಿದರೆ ಭಾಗಲಬ್ಧ 1,873, ಶೇಷ 4,93,75,920. ಮಾಸ್ತರರು ಶೇಷವನ್ನು ಎರಡು ಸಲ ಓದಿಸಿದರು. "ನೋಡು, ಭಾಜಕದ ಹತ್ರ ಹತ್ರ ಬಂದದ. ತುಂಬ್ಲಿಕ್ಕೆ ಎರಡು ತಿಂಗಳ ಹೆಜ್ಜಿನೂ ಬ್ಯಾಡ. ಬರೂ ವರ್ಷ ಅಧಿಕ ಬರ್ತದ" ಎಂದರು. ಬಂತು. ರೌದ್ರಿ ಸಂವತ್ಸರದಲ್ಲಿ, ಈ ಸಲದ ಹಾಗೆಯೇ, ಅಧಿಕ ಜ್ಯೇಷ್ಠ. ಶೇಷವೆಂದರೆ ಬಿಟ್ಟುಬಿಡುವ ಚೂರು ಎಂದು ಶಾಲೆಯಲ್ಲಿ ಕಲಿತಿದ್ದವನಿಗೆ ಅದರೊಳಗೆ ಮುಂದಿನ ವರ್ಷ ಕಾಣಿಸಿತ್ತು.

ಲೆಕ್ಕ ಇನ್ನೂ ಮುಗಿದಿರಲಿಲ್ಲ. 60,970ಕ್ಕೆ 1,873 ಸೇರಿಸಿ 62,843 ಚಾಂದ್ರಮಾಸ. ಮೂವತ್ತರಿಂದ ಗುಣಿಸಿ, ಮಾಘದಲ್ಲಿ ಕಳೆದ 29 ತಿಥಿ ಕೂಡಿಸಿದರೆ 18,85,319 ತಿಥಿ. ತಿಥಿ ದಿನಕ್ಕಿಂತ ಸ್ವಲ್ಪ ಚಿಕ್ಕದಾದ್ದರಿಂದ ಕ್ಷಯತಿಥಿಗಳನ್ನು ಕಳೆಯಬೇಕು. ಮಹಾಯುಗದ 1,60,30,00,080 ತಿಥಿಗಳಲ್ಲಿ 2,50,82,252 ಕ್ಷಯ. ನಮ್ಮ ಪಾಲಿಗೆ ಬಂದದ್ದು 29,499. ಉಳಿದದ್ದು 18,55,820 ದಿನ.

"ಏಳರಿಂದ ಭಾಗಿಸು. ಏನು ಉಳೀತು?"

"ಒಂದ್ರೀ."

"ಕಲಿ ಶುರು ಆದದ್ದು ಶುಕ್ರವಾರ. ಸೊನ್ನಿ ಉಳಿದ್ರ ಶುಕ್ರವಾರ. ಒಂದು ಉಳಿದ್ರ?"

ಗೋಡೆಯ ಕ್ಯಾಲೆಂಡರಿನಲ್ಲಿ ಫೆಬ್ರವರಿ 16 ಶನಿವಾರವೇ ಇತ್ತು. ಐದು ಸಾವಿರ ವರ್ಷ ದಾಟಿ ಬಂದು ವಾರ ತಪ್ಪದೆ ನಿಂತದ್ದನ್ನು ಕಂಡು ನನಗೆ ಮೈ ಝುಮ್ಮೆಂದಿತು. ಇದು ಬರಿಯ ಸಂತೋಷಕ್ಕೆ ಮಾಡುವ ತಾಳೆ ಅಲ್ಲ. ಈ ಕ್ರಮದಲ್ಲಿ ಕೆಲವೊಮ್ಮೆ ಒಂದು ದಿನ ಹೆಚ್ಚುಕಡಿಮೆ ಬರುತ್ತದೆ, ಆಗ ವಾರ ನೋಡಿಯೇ ಸರಿಪಡಿಸಬೇಕು. ಏಳು ಈ ಕೆಲಸಕ್ಕೆ ಒದಗುವುದಕ್ಕೆ ಕಾರಣವಿದೆ. 43,20,000ವನ್ನು ಒಡೆದರೆ ಸಿಗುವುದು ಎರಡು, ಮೂರು, ಐದು ಈ ಮೂರೇ ಅವಿಭಾಜ್ಯಗಳು: ಎಂಟು ಎರಡು, ಮೂರು ಮೂರು, ನಾಲ್ಕು ಐದು. ಅದಕ್ಕೆ ನೂರಾ ಎಂಬತ್ತು ಭಾಜಕಗಳಿವೆ. ಹನ್ನೆರಡು ರಾಶಿ, ಮೂವತ್ತು ಭಾಗ, ಅರವತ್ತು ಘಳಿಗೆ, ವೃತ್ತದ 21,600 ಕಲೆ ಎಲ್ಲಕ್ಕೂ ಅದು ಶೇಷವಿಲ್ಲದೆ ಹಂಚಿಹೋಗುತ್ತದೆ. ಏಳಕ್ಕೆ ಮಾತ್ರ ಮಣಿಯುವುದಿಲ್ಲ. ದಿನಗಳ ಸಂಖ್ಯೆಯನ್ನು ಏಳರಿಂದ ಭಾಗಿಸಿದರೂ ನಾಲ್ಕು ಉಳಿಯುತ್ತದೆ. ಉಳಿದ ಲೆಕ್ಕಕ್ಕೆ ಸಂಬಂಧವಿಲ್ಲದ ಹೊರಗಿನ ಸಾಕ್ಷಿಯಾಗಿ ವಾರ ನಿಲ್ಲುವುದು ಇದರಿಂದ.

ಇನ್ನೊಂದು ತಾಳೆ ಒಂಬತ್ತರದು. ದಿನಗಳ ಸಂಖ್ಯೆಯ ಅಂಕಿಗಳನ್ನು ಕೂಡಿಸುತ್ತ ಹೋದರೆ ಕೊನೆಗೆ ಒಂದು ಬರುತ್ತದೆ. ತಿಥಿಗಳದು ಒಂಬತ್ತು, ಕ್ಷಯದ್ದು ಎಂಟು. ಒಂಬತ್ತರಲ್ಲಿ ಎಂಟು ಹೋದರೆ ಒಂದು. ನಕಲು ಮಾಡಿದ ಪ್ರತಿ ಹಾಳೆಗೂ ಈ ಪರೀಕ್ಷೆ ಇರುತ್ತಿತ್ತು.

ಅಕ್ಕನ ವಿಷಯ ಇಲ್ಲಿ ಹೇಳಬೇಕು. ಅವಳು ನನಗಿಂತ ಮೂರು ವರ್ಷ ದೊಡ್ಡವಳು, ಲೆಕ್ಕದಲ್ಲಿ ನನಗಿಂತ ಎಷ್ಟೋ ಚುರುಕು. ನಾನು ಪಾಟಿಯಲ್ಲಿ ಮಾಡುವುದನ್ನು ಅವಳು ಒಲೆಯ ಮುಂದೆ ಕೂತು ಬಾಯಲ್ಲಿ ಮಾಡುತ್ತಿದ್ದಳು. ಮಾಸ್ತರರ ಹತ್ತಿರ ಅವಳೂ ಬರುತ್ತೇನೆಂದಾಗ, "ಹೆಣ್ಣುಮಕ್ಕಳಿಗೆ ಇದು ಬ್ಯಾಡ" ಎಂದು ಅವರು ಹೊಸ್ತಿಲಿನಿಂದಲೇ ಕಳಿಸಿದರು. ಕಾರಣ ಕೊಡಲಿಲ್ಲ. ನಮ್ಮ ಮನೆಯಲ್ಲೂ ಯಾರೂ ಕೇಳಲಿಲ್ಲ. ಅವರ ಮೇಲೆ ನನಗಿರುವ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ, ಆದರೆ ಈ ಒಂದು ಅನ್ಯಾಯವನ್ನು ಕಾಲದ ತಲೆಗೆ ಕಟ್ಟಿ ಸುಮ್ಮನಾಗಲು ಮನಸ್ಸು ಒಪ್ಪುವುದಿಲ್ಲ. ನಾನು ಮನೆಗೆ ತರುತ್ತಿದ್ದ ನಕಲು ಹಾಳೆಗಳೇ ಅವಳ ಪಾಠಶಾಲೆಯಾದವು.

ಒಂದು ಸಂಜೆ ಅವಳ ಕೈಗೆ ಸಿಕ್ಕಿದ್ದು ಭಗಣಗಳ ಪಟ್ಟಿ. ಮಹಾಯುಗದಲ್ಲಿ ಯಾವ ಗ್ರಹ ಎಷ್ಟು ಸುತ್ತು ಹಾಕುತ್ತದೆ ಎಂಬ ಸಂಖ್ಯೆಗಳು. ಚಂದ್ರ 5,77,53,336. ಶನಿ 1,46,568. ಗುರು 3,64,220. ಮಂಗಳ 22,96,832. ಬುಧ, ಶುಕ್ರರ ಶೀಘ್ರೋಚ್ಚಗಳು 1,79,37,060 ಮತ್ತು 70,22,376. ಚಂದ್ರ ಭೂಮಿಯಿಂದ ಅತಿ ದೂರವಿರುವ ಬಿಂದುವಾದ ಚಂದ್ರೋಚ್ಚ 4,88,203, ರಾಹು 2,32,238. ಅವಳು ಬೆರಳಿನಿಂದ ಪ್ರತಿಯೊಂದರ ಕೊನೆಯ ಎರಡು ಅಂಕಿಗಳನ್ನು ಮುಟ್ಟುತ್ತ ಹೋದಳು. "ಎಲ್ಲಾ ನಾಲ್ಕರಿಂದ ಹೋಗ್ತಾವ ನೋಡೋ. ದಿನದ ಸಂಖ್ಯಾನೂ ಹೋಗ್ತದ. ಕಡೀ ಎರಡು ಅಷ್ಟ ಹೋಗಂಗಿಲ್ಲ. ಯಾಕ?"

ಮರುದಿನ ಮಾಸ್ತರರಿಗೆ ಕೇಳಿದೆ. ಅವರು ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಇದನ್ನು ಕಂಡವರು ಯಾರೆಂದು ವಿಚಾರಿಸಿದರು. ಅಕ್ಕ ಎಂದೆ. "ದೇವರ ಲೆಕ್ಕ ಅದು, ಚಂದ ಇರೂದು ಸಹಜ" ಎಂದು ಹೇಳಿ ಬೇರೆ ಹಾಳೆ ಎತ್ತಿಕೊಂಡರು.

ಗ್ರಹಣದ ದಿನ ಅವರು ನನ್ನನ್ನು ಮೀಟರ್‌ಗೇಜ್ ರೈಲಿನಲ್ಲಿ ಗದಗಕ್ಕೆ ಕರೆದುಕೊಂಡು ಹೋದರು. ಅಂಕೋಲೆಯ ಕಡೆಯಿಂದ ರಾಯಚೂರಿನ ಕಡೆಗೆ ಸಾಗಿದ ನೆರಳಿನ ದಾರಿಯ ನಡುವೆ ಗದಗ ಬರುತ್ತಿತ್ತು, ನಮ್ಮ ಊರು ಬದಿಗೆ ಉಳಿಯುತ್ತಿತ್ತು. ಬೀದಿಗಳಲ್ಲಿ ಜನವಿರಲಿಲ್ಲ, ಮನೆಗಳ ಬಾಗಿಲು ಹಾಕಿದ್ದವು. ಮಾಸ್ತರರು ಉಪವಾಸವಿದ್ದರು, ಕೈಯಲ್ಲಿ ಜಪಮಾಲೆ, ಜೇಬಿನಲ್ಲಿ ಮಸಿ ಹಿಡಿಸಿದ ಗಾಜು. ಜೊತೆಗೆ ಒಂದು ಚೀಟಿ. ಅದರಲ್ಲಿ ಸ್ಪರ್ಶಕಾಲ, ಅಂದರೆ ಗ್ರಹಣ ಹಿಡಿಯುವ ಹೊತ್ತು, ಎರಡು ಬರೆದಿತ್ತು. ಮೊದಲನೆಯದು ನಾನೇ ಕೂಡಿ ಕಳೆದು ಕೊಟ್ಟ ಲೆಕ್ಕದಿಂದ ಬಂದದ್ದು. ಎರಡನೆಯದು ನಾನು ಎಂದೂ ನೋಡಿರದ ಇನ್ನೊಂದು ವಹಿಯದು.

ಇಳಿಹೊತ್ತಿನ ಬಿಸಿಲು ಬಣ್ಣ ಕಳೆದುಕೊಂಡು ಕತ್ತಲಾಯಿತು, ಹಕ್ಕಿಗಳು ಮರ ಸೇರಿದವು. ಸೂರ್ಯ ಪೂರ್ತಿ ಮುಚ್ಚಿದ್ದು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಬೆಳಕು ಮರಳಿದ ಮೇಲೆ ಅವರು ಚೀಟಿಯ ಎರಡನೆಯ ಸಾಲಿನ ಮೇಲೆ ಬೆರಳಿಟ್ಟು "ಇದು ಹೊಂದ್ತು" ಎಂದರು. ಅದು ವೆಂಕಟೇಶ ಬಾಪೂಜಿ ಕೇತಕರರ ಕ್ರಮ. ಕೇತಕರರು (1854–1930) ನಮ್ಮ ಬಾಗಲಕೋಟೆಯಲ್ಲೇ ಶಿಕ್ಷಕರಾಗಿದ್ದವರು. ಯುರೋಪಿನ ವೇಧಶಾಲೆಗಳ ಅಂಕಿಗಳನ್ನು ತಂದು 'ಜ್ಯೋತಿರ್ಗಣಿತ', 'ಕೇತಕೀ ಗ್ರಹಗಣಿತ' ಬರೆದು ಪಂಚಾಂಗವನ್ನು ಆಕಾಶಕ್ಕೆ ಹೊಂದಿಸಲು ಆಯುಷ್ಯ ತೇಯ್ದವರು. ಮಾಸ್ತರರು ರೈಲಿನ ಹೊತ್ತನ್ನು ಗೊತ್ತುಮಾಡಿದ್ದು ಅವರ ಗಣಿತವನ್ನು ನಂಬಿ.

"ಹಂಗಾರ ನಮ್ಮ ದೊಡ್ಡ ಸಂಖ್ಯಾ?"

"ಅದು ಧರ್ಮಕ್ಕ. ಇದು ಕಣ್ಣಿಗೆ."

ಆ ವರ್ಷದ ಪಂಚಾಂಗದಲ್ಲಿ ಅಚ್ಚಾದದ್ದು ಮೊದಲನೆಯ ವೇಳೆ.

ನೌಕರಿ ಲೆಕ್ಕಪತ್ರದ ಕಡೆ ನನ್ನನ್ನು ಒಯ್ದಿತು, ಊರು ಬಿಟ್ಟೆ. ಊರೂ ನಮ್ಮನ್ನು ಬಿಟ್ಟಿತು ಎನ್ನಬೇಕು. ಆಲಮಟ್ಟಿಯ ಹಿನ್ನೀರು ಏರಿ, ಜನ ನವನಗರದ ಸೆಕ್ಟರುಗಳಿಗೆ ಹಂಚಿಹೋದರು. ಮಾಸ್ತರರ ಓಣಿ ಈಗ ಇಲ್ಲ. ಅವರ ವಹಿಗಳು ಎಲ್ಲಿ ಹೋದವೆಂದು ಹೇಳುವವರೂ ಸಿಗಲಿಲ್ಲ.

ವರ್ಷಗಳ ನಂತರ, ಬೆಂಗಳೂರಿನಲ್ಲಿ ಸಂಜೆಗಳು ಕೈಗೆ ಸಿಕ್ಕಾಗ, ಆರ್ಯಭಟೀಯ ಓದಲು ಕೂತೆ. 499ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿದ್ದ ಆರ್ಯಭಟನ ಪುಸ್ತಕದಲ್ಲಿ ಮಹಾಯುಗದ ವರ್ಷಗಳು ಅವೇ 43,20,000. ಆದರೆ ದಿನಗಳು 1,57,79,17,500. ಸೂರ್ಯಸಿದ್ಧಾಂತಕ್ಕಿಂತ 328 ಕಡಿಮೆ. ಯಾರೂ ಮಾಡದ ಸಂಖ್ಯೆಗೆ ಎರಡು ರೂಪ ಹೇಗೆ? ಆರ್ಯಭಟನ ಎರಡು ಸಂಖ್ಯೆಗಳನ್ನು 7,500ರಿಂದ ಸಂಕ್ಷೇಪಿಸಿದರೆ 576 ಮತ್ತು 2,10,389 ಸಿಗುತ್ತವೆ. ಒಂದನೆಯ ಭಾಸ್ಕರ, ಪೂರ್ಣಾಂಕದ ಉತ್ತರ ಹುಡುಕುವ ಕುಟ್ಟಕದ ಲೆಕ್ಕಗಳಲ್ಲಿ ಹಿಡಿಯುವುದು ಇವನ್ನೇ. 576 ವರ್ಷಕ್ಕೆ ಸರಿಯಾಗಿ 2,10,389 ದಿನ. ಅಂದರೆ ವರ್ಷಕ್ಕೆ 365 ದಿನ, 6 ಗಂಟೆ, 12 ನಿಮಿಷ, 30 ಸೆಕೆಂಡು, ಒಂದು ಚೂರೂ ಮಿಗುವುದಿಲ್ಲ. ಸೂರ್ಯಸಿದ್ಧಾಂತದ ವರ್ಷ ಇದಕ್ಕಿಂತ ಆರೂವರೆ ಸೆಕೆಂಡು ಉದ್ದ. ನಿಜವಾದ ನಾಕ್ಷತ್ರ ವರ್ಷಕ್ಕೆ ಹೋಲಿಸಿದರೆ ಸೂರ್ಯಸಿದ್ಧಾಂತದ್ದು ಸುಮಾರು ಮೂರೂವರೆ ನಿಮಿಷ ಹೆಚ್ಚು. ಬರಿಗಣ್ಣಿನಿಂದ ನೋಡಿ ಕಟ್ಟಿದ ಲೆಕ್ಕಕ್ಕೆ ಇದು ಬೆರಗಿನ ನಿಖರತೆ. ಆದರೂ ಸಾವಿರ ವರ್ಷಕ್ಕೆ ಎರಡು ದಿನಕ್ಕಿಂತ ಹೆಚ್ಚು ಜಾರುತ್ತದೆ. ಗ್ರಹಣಕ್ಕೆ ದಿನಗಳ ಮಾತಿರಲಿ, ಗಳಿಗೆಗಳ ಜಾರಿಕೆಯೂ ಸಾಕು.

ಅಕ್ಕನ ಪ್ರಶ್ನೆಗೆ ಉತ್ತರವೂ ಅಲ್ಲೇ ಸಿಕ್ಕಿತು. ಆರ್ಯಭಟ ಮಹಾಯುಗವನ್ನು ನಾಲ್ಕು ಸಮಪಾಲು ಮಾಡುತ್ತಾನೆ, ಪ್ರತಿ ಯುಗಕ್ಕೆ 10,80,000 ವರ್ಷ. ಮೂರು ಪಾಲು ಮುಗಿದಾಗ ಕಲಿ ಶುರು. ಆ ಹೊತ್ತಿಗೆ ಗ್ರಹಗಳೆಲ್ಲ ಮೇಷದ ಆರಂಭದಲ್ಲಿ ಒಟ್ಟಿಗಿರಬೇಕೆಂಬುದು ಒಪ್ಪಿಕೊಂಡ ನೆಲೆ. ಮುಕ್ಕಾಲು ಮಹಾಯುಗದಲ್ಲಿ ಪೂರ್ಣ ಸುತ್ತುಗಳೇ ಆಗಬೇಕಾದರೆ ಭಗಣಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು. ಸೂರ್ಯಸಿದ್ಧಾಂತದಲ್ಲಿ ಯುಗಗಳು ಸಮವಲ್ಲ, ಆದರೂ ಏರ್ಪಾಡು ಅದೇ ಜಾಗಕ್ಕೆ ಬಂದು ಮುಟ್ಟುತ್ತದೆ. ಇಂದಿನ ಗಣಿತದಿಂದ ಹಿಂದಕ್ಕೆ ಹೋಗಿ ನೋಡಿದರೆ ಆ ದಿನ ಗ್ರಹಗಳು ಒಂದೇ ಬಿಂದುವಿನಲ್ಲಿ ಇರಲಿಲ್ಲ. ಹಾಗಾದರೆ ಆ ನಾಲ್ಕು ಆಕಾಶದಿಂದ ಬಂದದ್ದಲ್ಲ. ತಮ್ಮ ಕಾಲದ ಆಕಾಶವನ್ನು ನೋಡಿ, ಹಿಂದೆ ಒಂದು ಆರಂಭವನ್ನು ಆರಿಸಿಕೊಂಡು, ಎರಡರ ನಡುವೆ ಪೂರ್ಣಾಂಕಗಳನ್ನು ಕೂರಿಸಿದ ಮನುಷ್ಯರ ಕೈಯಿಂದ ಬಂದದ್ದು.

ಚಂದ್ರೋಚ್ಚ, ರಾಹು ಮಾತ್ರ ಈ ಕಟ್ಟಳೆಗೆ ಹೊರಗೆ. 4,88,203ನ್ನು ನಾಲ್ಕರಿಂದ ಭಾಗಿಸಿದರೆ ಮೂರು ಉಳಿಯುತ್ತದೆ, 2,32,238ರಲ್ಲಿ ಎರಡು. ಆರ್ಯಭಟನ ಸಂಖ್ಯೆಗಳು ಬೇರೆ, 4,88,219 ಮತ್ತು 2,32,226. ಶೇಷಗಳು ಅವೇ, ಮೂರು ಮತ್ತು ಎರಡು. ಕಲಿಯ ಆರಂಭದಲ್ಲಿ ಉಚ್ಚವನ್ನು 90 ಭಾಗದಲ್ಲಿ (ಡಿಗ್ರಿಯಲ್ಲಿ), ರಾಹುವನ್ನು 180ರಲ್ಲಿ ಇರಿಸಲು ಬೇಕಾದ ಶೇಷಗಳು ಇವು.

ಆ ರಾತ್ರಿ ನವನಗರಕ್ಕೆ ಫೋನ್ ಮಾಡಿ ಅಕ್ಕನಿಗೆ ಎಲ್ಲ ಹೇಳಿದ್ದೆ. ಅವಳು ಅಷ್ಟರಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಬರೆದುಕೊಂಡು ವ್ಯತ್ಯಾಸ ತೆಗೆದಳು. ಶನಿ ನಾಲ್ಕು, ಗುರು ನಾಲ್ಕು, ಮಂಗಳ ಎಂಟು, ಬುಧ ನಲವತ್ತು, ಶುಕ್ರ ಹನ್ನೆರಡು, ಉಚ್ಚ ಹದಿನಾರು, ರಾಹು ಹನ್ನೆರಡು, ದಿನ 328. ಒಂದೂ ನಾಲ್ಕರ ಹೊರಗೆ ಹೋಗಿಲ್ಲ. ತಮ್ಮ ಕಾಲದ ಆಕಾಶಕ್ಕೆ ಹೊಂದಲೆಂದು ಸಂಖ್ಯೆಯನ್ನು ತಿದ್ದಿದವರು ಒಂದೊಂದು ಸಲವೂ ನಾಲ್ಕರ ಹೆಜ್ಜೆಯಲ್ಲೇ ಸರಿದಿದ್ದಾರೆ. ಇಳಕಲ್ಲಿನ ನೇಕಾರರು ಅಂಚಿನ ಚಿತ್ತಾರ ಕೆಡದಂತೆ ಎಳೆಗಳನ್ನು ಎಣಿಸಿಯೇ ಕೂಡಿಸುವ, ಕಳೆಯುವ ಹಾಗೆ.

ಮಾಸ್ತರರಿಗೆ ಇದು ಗೊತ್ತಿತ್ತೆಂದು ನನಗೆ ಈಗ ಖಾತ್ರಿ. ಆ ಪಟ್ಟಿಯನ್ನು ಅಷ್ಟು ಹೊತ್ತು ನೋಡಿದ್ದು ಗೊತ್ತಿಲ್ಲದವರ ನೋಟವಲ್ಲ. ಅವರು ಯಾಕೆ ಹೇಳಲಿಲ್ಲವೆಂಬುದನ್ನೂ ಊಹಿಸಬಲ್ಲೆ. ಮನುಷ್ಯರು ಕಟ್ಟಿದ ಸಂಖ್ಯೆಯಾದರೆ ಮನುಷ್ಯರು ತಿದ್ದಬಹುದು. ತಿದ್ದಬಹುದಾದರೆ ತಿದ್ದದೆ ಅಚ್ಚು ಹಾಕಿದ್ದಕ್ಕೆ ಜವಾಬು ಕೊಡಬೇಕು. ಅವರ ಅನ್ನ ಆ ಪಂಚಾಂಗದಲ್ಲಿತ್ತು, ಭಕ್ತಿಯೂ ಅಲ್ಲೇ ಇತ್ತು. ಆದರೆ ಸತ್ಯ ಹೇಳಿದ್ದರೆ ನನ್ನ ಗೌರವ ಇಳಿಯುತ್ತಿರಲಿಲ್ಲ. ಹತ್ತು ಅಂಕಿಯ ಸಂಖ್ಯೆ ಸೂರ್ಯನ ಬಾಯಿಂದ ಉದುರಿತು ಎನ್ನುವುದಕ್ಕಿಂತ, ಹೆಸರೂ ಉಳಿಯದ ಯಾರೋ ಒಬ್ಬರು ರಾತ್ರಿಗಟ್ಟಲೆ ಚಂದ್ರನನ್ನು ಕಾದು, ತಪ್ಪು ಕಂಡು, ಹಳೆಯ ಕಟ್ಟು ಮುರಿಯದಂತೆ 328 ದಿನ ಸೇರಿಸಿದರು ಎನ್ನುವುದು ನನಗೆ ಹೆಚ್ಚು ದೊಡ್ಡದು. ಅಂಥವರ ಸಾಲಿನಲ್ಲೇ ಕೇತಕರರೂ ಇದ್ದಾರೆ. ಹೊಸ್ತಿಲಲ್ಲಿ ನಿಂತ ಹುಡುಗಿ ಕೇಳಿದ ಪ್ರಶ್ನೆಗೂ ಅಲ್ಲಿ ಜಾಗವಿತ್ತು.

ಅಕ್ಕ ಪಾಠ ಮಾಡಿದಷ್ಟು ವರ್ಷವೂ ಆ ಎರಡು ಪಟ್ಟಿಗಳನ್ನು ಹಲಗೆಯ ಮೇಲೆ ಬರೆದು, ಏನು ಕಾಣುತ್ತದೆ ಎಂದು ಮಕ್ಕಳಿಗೆ ಕೇಳುತ್ತಿದ್ದಳು. ಮೊದಲೇ ಉತ್ತರ ಹೇಳುತ್ತಿರಲಿಲ್ಲ. ಕೆಲವು ವರ್ಷ ಯಾರಿಗೂ ಕಾಣುತ್ತಿರಲಿಲ್ಲ, ಆಗಲೂ ಹೇಳುತ್ತಿರಲಿಲ್ಲವಂತೆ. ಈ ಅಧಿಕಮಾಸದಲ್ಲಿ ಮಾತಾಡಿದಾಗ ಮೂರನೆಯ ಪಟ್ಟಿಯ ಮಾತು ಬಂತು. ದಿನವನ್ನು ಸೂರ್ಯೋದಯದ ಬದಲು ಅರ್ಧರಾತ್ರಿಯಿಂದ ಎಣಿಸುವ ಆರ್ಯಭಟನ ಇನ್ನೊಂದು ಪದ್ಧತಿ ಬ್ರಹ್ಮಗುಪ್ತನ ಖಂಡಖಾದ್ಯಕದ ಮೂಲಕ ಉಳಿದುಬಂದಿದೆ. ಅದರಲ್ಲಿ ಮಹಾಯುಗದ ದಿನಗಳು 1,57,79,17,800. ಸೂರ್ಯಸಿದ್ಧಾಂತಕ್ಕೂ ಅದಕ್ಕೂ ಅಂತರ ಇಪ್ಪತ್ತೆಂಟು, ಆರ್ಯಭಟೀಯಕ್ಕೂ ಅದಕ್ಕೂ ಮುನ್ನೂರು. "ಎರಡೂ ಹೋಗ್ತಾವ" ಎಂದಳು ಅಕ್ಕ. ಗ್ರಹಗಳ ಸಂಖ್ಯೆಗಳನ್ನೂ ಓದು, ಬರೆದುಕೊಳ್ಳುತ್ತೇನೆ ಎಂದಳು. ನಾನು ಶನಿಯಿಂದ ಶುರು ಮಾಡಿದೆ.